ಹರಳು ಬಿಟ್ಟುಕೊಟ್ಟ ಹರಳಕ್ಕ

ಅಡುಗೆ ಕೊಬ್ಬಿಗಾಗಿ ಬದುಕು ಸವೆಸಿದವರಿಗೂ ಅಭಿನಂದನ ಸಂಪುಟವೇ ಎಂದು ಹುಬ್ಬೇರಿಸುವವರು ನಮ್ಮ ಕಾರ್ಖಾನೆಯ ವನಸ್ಪತಿಯ ಹಳದಿ ಡಬ್ಬವನ್ನು ಒಮ್ಮೆ ನೆನೆಯಬೇಕು. ತುಪ್ಪ ಕೈಗೆಟುಕದ ಮನೆಗಳಿಗೆ ಎರಡು ತಲೆಮಾರು ಕಾಲ ಕರಿಯಲು, ಹುರಿಯಲು, ಹಿಟ್ಟು ಕಲಸಲು ಒದಗಿದ್ದು ಅದೇ. ಖಾಲಿಯಾದ ಮೇಲೆ ಗುಂಡಿ, ಮೊಳೆ, ಸೂಜಿದಾರ ತುಂಬಿಕೊಂಡು ಕಪಾಟಿನಲ್ಲಿ ಕುಳಿತದ್ದೂ ಅದೇ. ಆ ಡಬ್ಬದ ಒಳಗಿನ ಗುಣಕ್ಕೆ ಮೂವತ್ತೊಂದು ವರ್ಷ ಹೊಣೆ ಹೊತ್ತು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಯವರು, ಕೊಬ್ಬಿನ ರಸಾಯನಶಾಸ್ತ್ರ ಬಲ್ಲವರ ನಡುವೆ ದೊಡ್ಡ ಹೆಸರು. ಕಾರ್ಖಾನೆಯ ಗೇಟಿನೊಳಗೆ ಮಾತ್ರ ಅವರು ಎಲ್ಲರಿಗೂ ಹರಳಕ್ಕ.

ಈ ಹೆಸರಿಗೊಂದು ಹಿನ್ನೆಲೆಯಿದೆ. ಮೊದಮೊದಲು ನಮ್ಮ ಸರಕು ನುಣ್ಣಗೆ, ಬೆಳ್ಳಗೆ, ಬಟ್ಟೆ ಸೋಪಿನ ಹಾಗಿತ್ತಂತೆ. ಕೊಂಡವರು ಮೂಗು ಮುರಿದರು. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿ, ತಂಪು ಕೋಣೆಯಲ್ಲಿ ಅಲುಗಿಸದೆ ಎರಡು ದಿನ ಇಟ್ಟರೆ ತುಪ್ಪದಂತೆಯೇ ಹರಳುಗಟ್ಟುತ್ತದೆಂದು ತಿಳಿದ ಮೇಲೆ ಮಾರಾಟ ಏರಿತು. ಗಟ್ಟಿ ಮಾಡುವ ವಿಭಾಗದ ಮೇಸ್ತ್ರಿ ಹರಳಕ್ಕನವರ ಸ್ವಂತ ಅಣ್ಣ. ಅಪ್ಪನಿಲ್ಲದ ತಂಗಿಯನ್ನು ಓದಿಸಿ, ಕೈಹಿಡಿದು ಇದೇ ಕಾರ್ಖಾನೆಗೆ ಕರೆತಂದವರು ಅವರು. ಅಣ್ಣ ಗಟ್ಟಿ ಮಾಡಿ ಕಳಿಸುವುದು, ತಂಗಿ ಹರಳು ಬರಿಸುವುದು, ಹೀಗೆ ಇಪ್ಪತ್ತು ವರ್ಷ ನಡೆಯಿತು.

ನಾನು ಅವರ ಕೈಕೆಳಗೆ ಸೇರಿದ ಮೂರನೆಯ ವಾರ, ಸೆಕೆ ತಾಳಲಾರದೆ ತಂಪು ಕೋಣೆಯ ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲೇ ಕುಳಿತು ಊಟ ಮಾಡಿದೆ. ಇನ್ನೂರು ಡಬ್ಬ ಹರಳು ಕೆಟ್ಟು ಪೇಸ್ಟಿನಂತಾದವು. ಹರಳಕ್ಕ ಒಂದು ಡಬ್ಬಕ್ಕೆ ಬೆರಳದ್ದಿ, ಉಜ್ಜಿ ನೋಡಿ, "ಮುಲಾಮಿನ ಕಾರ್ಖಾನೆ ಯಾವಾಗ ಶುರು ಮಾಡಿದ್ರಪ್ಪ?" ಎಂದರು. ಆಮೇಲೆ ನನ್ನ ಜೊತೆಗೇ ನಿಂತು ಅಷ್ಟನ್ನೂ ಮತ್ತೆ ಕರಗಿಸಿದರು. ದಾಖಲೆಯಲ್ಲಿ "ಹೊಸಬರಿಗೆ ತಿಳಿಹೇಳದಿದ್ದದ್ದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದರು. ಇಂಥವರ ಕೈಯಲ್ಲಿ ಪಳಗಿದ್ದು ನನ್ನ ಪುಣ್ಯ.

ಹನ್ನೊಂದು ವರ್ಷದ ಹಿಂದೆ ಅವರು ಒಂದು ವರದಿ ಸಿದ್ಧಪಡಿಸಿದರು. ನಾವು ಎಣ್ಣೆ ಗಟ್ಟಿ ಮಾಡುವ ರೀತಿಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ತಿಂದವರ ಹೃದಯಕ್ಕೆ ಕೇಡು. ಆದ್ದರಿಂದ ಆ ಕೆಲಸ ನಿಲ್ಲಬೇಕು ಎಂಬುದೇ ಅದರ ಸಾರ. ಅದು ನಿಂತರೆ ಹರಳು ಹೋಗುತ್ತಿತ್ತು, ಅಣ್ಣನ ವಿಭಾಗವೂ ಮುಚ್ಚುತ್ತಿತ್ತು. ಅಣ್ಣನ ನಿವೃತ್ತಿಗೆ ಇನ್ನೆರಡೇ ವರ್ಷವಿತ್ತು.

ಮ್ಯಾನೇಜರರಿಗೆ ಕೊಡುವ ಮೊದಲು ವರದಿಯನ್ನು ಅಣ್ಣನ ಮನೆಗೆ ಒಯ್ದರು, ಜೊತೆಗೆ ನಾನಿದ್ದೆ. ಅಣ್ಣ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. "ಮೂವತ್ತೆಂಟು ವರ್ಷ ನಾನು ಗಟ್ಟಿ ಮಾಡಿದ್ದನ್ನ ನಾಲ್ಕು ಹಾಳೇಲಿ ಕರಗಿಸಿಬಿಟ್ಯಲ್ಲೇ," ಎಂದರು. ಹರಳಕ್ಕ ತಲೆ ತಗ್ಗಿಸಿದರೇ ಹೊರತು ವರದಿಯನ್ನು ಹಿಂತೆಗೆದುಕೊಳ್ಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಅತ್ತರು.

"ಕಾನೂನು ಇನ್ನೂ ಬಂದಿಲ್ವಲ್ಲ, ನಿಮಗೇನು ಅವಸರ?" ಎಂದು ಮ್ಯಾನೇಜರರು ಕೇಳಿದಾಗ, "ಕಾನೂನು ಬರೋವರೆಗೂ ಜನ ಊಟ ಮಾಡದೆ ಕಾಯ್ತಾರಾ ಸಾರ್?" ಎಂದರು. ಆರು ತಿಂಗಳು ಪಟ್ಟು ಸಡಿಲಿಸದೆ ಗೆದ್ದರು. ಅಣ್ಣನ ಮುಖ ನೋಡಿಯಾದರೂ ಎರಡು ವರ್ಷ ತಡೆಯಬಾರದಿತ್ತೇ ಎಂದು ಹಲವರು ಆಡಿಕೊಂಡರು. ಆಡಿಕೊಂಡವರಲ್ಲಿ ನಾನೂ ಒಬ್ಬ. ಹಟಮಾರಿತನ ಅವರಲ್ಲಿ ಇಲ್ಲವೆಂದು ಹೇಳಿದರೆ ಈ ಲೇಖನ ಬರಿಯ ಮುಖಸ್ತುತಿಯಾದೀತು.

ಮೇಸ್ತ್ರಿಯವರನ್ನು ಉಗ್ರಾಣಕ್ಕೆ ಹಾಕಿದರು. ಅಣ್ಣತಂಗಿಯರ ನಡುವೆ ವರ್ಷವಿಡೀ ಮಾತಿಲ್ಲ. ಹರಳಿಲ್ಲದ ಹೊಸ ಸರಕನ್ನು ಅಂಗಡಿಯವರು ಹಿಂದಕ್ಕೆ ಕಳಿಸಿದರು. ಹರಳಕ್ಕ ಒಂದೊಂದೇ ಬೇಕರಿಯ ಒಲೆಯ ಮುಂದೆ ನಿಂತು ಅದರಲ್ಲಿ ಬಿಸ್ಕತ್ತು ಮಾಡಿಸಿ ತೋರಿಸಿದರು. ಹಳದಿ ಡಬ್ಬ ಉಳಿಯಿತು, ಮೊದಲಿನಷ್ಟು ಮಾರುವುದಿಲ್ಲ, ಅಷ್ಟೆ. ತಮ್ಮ ಮಗಳ ಮದುವೆಯ ಹೊತ್ತಿಗೆ ಅಣ್ಣ ಮಾತು ಶುರು ಮಾಡಿದರು. ಆದರೆ ವಿಭಾಗ ಮುಚ್ಚಿದ ವಿಷಯ ಇಬ್ಬರ ನಡುವೆ ಇವತ್ತಿನವರೆಗೂ ಬಂದಿಲ್ಲ.

ಈ ಪ್ರಸಂಗವನ್ನು ಸಂಪುಟದಲ್ಲಿ ಬಿಟ್ಟುಬಿಡೋಣ ಎಂದು ಸಮಿತಿಯ ಹಿರಿಯರು ಸೂಚಿಸಿದರು. ಕಳೆದ ವಾರ ನಾನು ಮೇಸ್ತ್ರಿಯವರನ್ನೇ ಹೋಗಿ ಕೇಳಿದೆ. ಅವರು ಹೇಳಿದರು: "ಅಣ್ಣನ ವಿಭಾಗ ಮುಚ್ಚಿಸಿದ್ಲು ಅಂತಾನೇ ಬರೀರಿ. ಅದನ್ನ ಬಿಟ್ಟು ಮಿಕ್ಕಿದ್ದು ಏನು ಹೊಗಳಿದ್ರೂ ಅವಳಿಗೆ ಕಮ್ಮೀನೇ." ಇದನ್ನು ನೀವೇ ಅವರಿಗೆ ಹೇಳಬಾರದೇ ಎಂದೆ. "ನನಗೆ ಬಾಯಿ ಬರಲ್ಲ ಕಣ್ರೀ. ನೀವು ಬರೀರಿ, ಅವಳು ಓದ್ತಾಳೆ," ಎಂದರು.

ಹರಳಕ್ಕನವರೇ, ತಮಗೆ ಆಯುಸ್ಸು, ಆರೋಗ್ಯ ತುಂಬಿರಲಿ. ಕೊಬ್ಬಿನ ರಸಾಯನಶಾಸ್ತ್ರದ ಬಗ್ಗೆ ತಾವು ಬರೆಯತೊಡಗಿ ಅರ್ಧಕ್ಕೆ ನಿಂತಿರುವ ಪುಸ್ತಕ ಪೂರ್ತಿಯಾಗಿ ನಮ್ಮಂಥವರ ಕೈಸೇರಲಿ. ಆದರೆ ಅದಕ್ಕೂ ಮೊದಲು, ಈ ಪುಟ ಓದಿದ ದಿನವೇ ಅಣ್ಣನ ಮನೆಗೆ ಹೋಗಿಬನ್ನಿ. ಅವರು ಕಾಯುತ್ತಿದ್ದಾರೆ.