ಟ್ಯಾಬಿತಾ ಸಾಲು ಬಿಟ್ಟ ದಿನ

ನಮ್ಮ ಸ್ಕಿಪ್ಟನ್ ಊರಿನ ಸಂತೆಯಲ್ಲಿ ಬೆಣ್ಣೆ ಮಾರುತ್ತಿದ್ದ ವಿಧವೆ ಟ್ಯಾಬಿತಾಳಿಗೆ ಎರಡು ಹಸುಗಳೇ ಬದುಕು. ಊರಿನ ಬ್ಯಾಂಕು ಮುಳುಗುತ್ತದೆಂದು ಗುಲ್ಲೆದ್ದಾಗ, ಗೇಣಿಗೆಂದು ಕೂಡಿಟ್ಟ, ಆ ಬ್ಯಾಂಕೇ ಅಚ್ಚು ಹಾಕಿಸಿದ್ದ ನೋಟುಗಳನ್ನು ಕೊಟ್ಟು ಚಿನ್ನ ಪಡೆಯಲು ಅವಳೂ ಸಾಲಿನಲ್ಲಿ ನಿಂತಳು. ಊರಿನ ದೊಡ್ಡವರೋ, ಆ ನೋಟುಗಳನ್ನು ತಾವು ಎಂದಿನಂತೆ ಹಣವಾಗಿ ಪಡೆಯುತ್ತೇವೆಂದು ಬರೆದ ಕಾಗದಕ್ಕೆ ಸಹಿ ಹಾಕಿ ಬ್ಯಾಂಕಿನ ಗೋಡೆಗೆ ಅಂಟಿಸಿದ್ದರು. ಮೊದಲ ಸಹಿ ಅವಳ ಜಮೀನಿನ ಒಡೆಯ ಥ್ವೇಟ್ಸ್ ಅವರದು.

“ಮನೆಗೆ ಹೋಗವ್ವಾ, ನಾನೇ ತಗೋತೀನಲ್ಲ,” ಎಂದರು ಅವರು.

“ಆಯ್ತು ಧಣಿ. ಈ ಚಳೀಲಿ ನನ್ನ ಬೆಣ್ಣೆ ನಿಮ್ಮ ಬ್ಯಾಂಕಿಗಿಂತ ಗಟ್ಟಿ ಐತೆ,” ಎಂದು ಎಲ್ಲರನ್ನೂ ನಗಿಸಿ ಸಾಲು ಬಿಟ್ಟಳು. ಅವಳನ್ನು ನೋಡಿ, ಹಿಂದೆ ನಿಂತಿದ್ದ ನಾವೂ ಬಿಟ್ಟೆವು.

ಮರುದಿನ ಬ್ಯಾಂಕು ಬಾಗಿಲು ಹಾಕಿತು. ಟ್ಯಾಬಿತಾ ಗೇಣಿ ಕೊಡಲು ಹೋದಾಗ ಥ್ವೇಟ್ಸ್ ಆ ನೋಟುಗಳನ್ನು ಮುಟ್ಟಲಿಲ್ಲ.

“ಸಹಿ ಹಾಕಿದ್ರಲ್ಲ ಧಣಿ?”

“ಅದು ಬ್ಯಾಂಕು ಇದ್ದಾಗಿನ ಮಾತು. ಚಿನ್ನ ಕೊಡು, ಇಲ್ಲ ಹಸು ಬಿಡು.”

ಹಸುಗಳು ಹೋದವು. ಬದುಕಿದ್ದಷ್ಟು ಕಾಲ ಟ್ಯಾಬಿತಾ ಹತ್ತಿ ಗಿರಣಿಯಲ್ಲಿ ನೂಲು ಸುತ್ತಿದಳು.