ನವಣೆ ಮದ್ದಿನ ಹಜೀರಾಬೀ

ಹರಿಹರದಲ್ಲಿ ಹೊಳೆಗೆ ಇಳಿಯುವ ಓಣಿಯ ಕೊನೆಗೆ ಬಂದೂಕಿನ ಮದ್ದು ಮಾರುವ ಅಂಗಡಿಯೊಂದಿತ್ತು. ಒಲೆಯಿಲ್ಲ, ದೀಪವಿಲ್ಲ. ಬಿಸಿಲಿದ್ದಾಗ ತೆಗೆದು ಬಿಸಿಲಿದ್ದಾಗಲೇ ಮುಚ್ಚುವ ಅಂಗಡಿ. ಒಳಗೆ ಕೈಬಳೆ ತೆಗೆದಿಟ್ಟು, ಒದ್ದೆ ಗೋಣಿತಾಟಿನ ಮೇಲೆ ಬರಿಗಾಲಲ್ಲಿ ಕೂತು ಹಜೀರಾಬೀ ಮದ್ದನ್ನು ಜರಡಿ ಹಿಡಿಯುತ್ತಿದ್ದಳು. ಗಂಡ ಮಕ್ತುಮ್ ಸಾಬ್ ತೀರಿಕೊಂಡು ಐದು ವರ್ಷವಾಗಿತ್ತು.

ಜರಡಿ ಎರಡೇ. ದೊಡ್ಡ ಕಣ್ಣಿನದರಲ್ಲಿ ನಿಲ್ಲುವುದು ನವಣೆ ಕಾಳಿನಷ್ಟು ದಪ್ಪನೆಯ ನವಣೆ ಮದ್ದು, ಸಣ್ಣ ಕಣ್ಣಿನದರಲ್ಲಿ ನಿಲ್ಲುವುದು ಗಸಗಸೆ ಮದ್ದು. ಅದಕ್ಕೂ ಕೆಳಗಿಳಿದ ಹಿಟ್ಟನ್ನು ಅವಳು ಯಾರಿಗೂ ಕೊಡದೆ ನೀರಿಗೆ ಹಾಕುತ್ತಿದ್ದಳು. ಡಬ್ಬಿ ತುಂಬಿದ ಮೇಲೆ ಅದರ ಅಂಚಿಗೆ ಎರಡು ಸಲ ಬೆರಳು ತಟ್ಟುವುದು ಅವಳ ರೂಢಿ. ಟಕ್, ಟಕ್. ಬದುಕಿದ್ದಾಗ ಮಕ್ತುಮ್ ಸಾಬ್ ಚಿಟಿಕೆ ಮದ್ದನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಸರಿಯಿದ್ದರೆ ತಾನೊಂದು ಸಲ ತಟ್ಟುತ್ತಿದ್ದ. ಮೂರನೆಯ ಟಕ್ಕು ಅವನದು.

ಅವನು ಹೋದ ಮೇಲೂ ಅದು ನಿಂತಿರಲಿಲ್ಲ. ಇವಳು ಎರಡು ತಟ್ಟಿ ಕೈ ಮಡಿಲಲ್ಲಿಟ್ಟುಕೊಂಡರೆ, ಉಸಿರು ಬಿಡುವಷ್ಟು ಹೊತ್ತಿಗೆ ಮೂರನೆಯದು ಕೇಳುತ್ತಿತ್ತು. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು, ಆಮೇಲೆ ಒಗ್ಗಿಹೋಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ಫಕ್ರುನ್ನೀಸಾ ತಾಯಿತ ಕಟ್ಟಿಸುತ್ತಾಳೆ, ಕಟ್ಟಿಸಿದ ಮೇಲೆ ಟಕ್ಕು ನಿಂತೇ ಹೋದರೆ?

ಆ ತಟ್ಟುವ ರೂಢಿ ಹುಟ್ಟಿದ್ದು ಹಜೀರಾಬೀಯ ತಪ್ಪಿನಿಂದಲೇ. ಫಕ್ರುನ್ನೀಸಾ ಎದೆಹಾಲಿನ ಕೂಸಾಗಿದ್ದಾಗ, ಒಂದು ದಿನ ಅದರ ಅಳು ತಡೆಯಲಾರದೆ ಎದ್ದು ಹೋಗಿ ಬಂದವಳು ಎರಡು ಪೊಟ್ಟಣ ಅದಲು ಬದಲು ಮಾಡಿದ್ದಳು. ಆವರಗೆರೆಯ ಭರಮಣ್ಣನ ಬಂದೂಕಿಗೆ ನವಣೆಯ ಅಳತೆಯಲ್ಲಿ ಗಸಗಸೆ ಹೋಯಿತು. ನಳಿಗೆಯ ಬುಡ ಸೀಳಿ ಅವನ ಎಡಗೈ ಹೋಯಿತು. ‘ನಾನೇ ಹೆಚ್ಚು ತುಂಬಿದ್ದೆ’ ಎಂದು ಪುಣ್ಯಾತ್ಮ ಸಾಯುವತನಕ ಹೇಳಿಕೊಂಡೇ ತಿರುಗಿದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅಂದಿನಿಂದಲೇ ಮಕ್ತುಮ್ ಸಾಬ್ ದಾರದ ಪದ್ಧತಿಯನ್ನೂ ತಂದಿದ್ದ. ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಜಡಿಯುವ ಗಜ ಇರುತ್ತದಲ್ಲ, ಖಾಲಿ ನಳಿಗೆಯೊಳಗೆ ಆ ಗಜ ಎಷ್ಟು ಇಳಿಯುತ್ತದೋ ಅಷ್ಟುದ್ದದ ದಾರ. ಅಂಗಡಿಯ ಗೋಡೆಯಲ್ಲಿ ಒಂದೊಂದು ಬಂದೂಕಿಗೆ ಒಂದೊಂದು ಮೊಳೆ, ಮೊಳೆಗೊಂದು ದಾರ. ಮದ್ದಿಗೆ ಬರುವವರು ಮನೆಯಲ್ಲಿ ಮತ್ತೆ ಅಳೆದು ಹೊಸ ದಾರ ತರಬೇಕು.

ತೊಂಬತ್ತೆಂಟರ ಆಯುಧಪೂಜೆಯ ಹಿಂದಿನ ಮಧ್ಯಾಹ್ನ, ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಆಶಾರಾಣಿ ಬಂದಳು. ಕಂಕುಳಲ್ಲಿ ಎರಡೂವರೆ ವರ್ಷದ ಮಗಳು ಅಂಕಿತಾ.

“ಬೂಬಮ್ಮ, ನಾನು ಬಾತಿ ಹೊಲದ ಹಾಲೇಶಪ್ಪನೋರ ಸೊಸೆ. ಮಾವನೋರು ಮಾಘದಾಗ ಹೋದ್ರು.”

“ಕೇಳಿದ್ನಿ ತಾಯಿ. ಕೂಡ್ರಿ. ಲಕ್ವ ಹೊಡೆದಿತ್ತಂತೆ?”

“ಹೂಂ ರೀ. ಮೆಕ್ಕೆಜೋಳಕ್ಕೆ ಹಂದಿ ಕಾಯಾಕ ಹೋದೋರು ಹೊಲದಾಗೇ ಬಿದ್ರು. ಮೂರು ತಿಂಗಳು ಮಲಗಿದ್ರು, ಒಂದು ಮಾತು ಹೊರಡ್ಲಿಲ್ಲ. ಈಗ ಲೈಸೆನ್ಸು ನಮ್ಮೋರ ಹೆಸರಿಗಾಗೈತೆ. ಜಿಲ್ಲೆ ದಾವಣಗೆರೆನೇ ಆತಲ್ಲ, ಚಿತ್ರದುರ್ಗಕ್ಕೆ ಅಲೆಯೋದು ತಪ್ತು. ನಾಳೆ ಪೂಜಿ ಮಾಡಿ ಒಂದು ಈಡು ಹಾರಿಸ್ಬೇಕು, ಮನೆ ಪದ್ಧತಿ.”

ಅಂಕಿತಾ ತಾಯಿಯ ಮಡಿಲಲ್ಲಿ ಕೂತು, ಬಲಗೈಯ ನಾಲ್ಕು ಬೆರಳು ಜೋಡಿಸಿ ಎದೆಯ ಮೇಲೆ ಅಡ್ಡ ಇಟ್ಟುಕೊಂಡಿತ್ತು. ಕಣ್ಣು ಮಿಟುಕಿಸದೆ ಹಜೀರಾಬೀಯನ್ನೇ ನೋಡುತ್ತಿತ್ತು.

“ಏನವ್ವ ಇದು, ಕೂಸಿನ ಆಟ?”

“ಅವ್ರ ತಾತಂದು. ಮಲಗಿದ್ದಾಗ ದಿನಾ ಹಿಂಗೇ ನಾಕು ಬೆರಳಿಡೋರು. ವಿಭೂತಿ ಕೇಳ್ತಾರೇನೋ ಅಂತ ಹಚ್ಚಿದ್ವಿ. ನಾಕು ಚಮಚ ನೀರೇನೋ ಅಂತ ಕುಡಿಸಿದ್ವಿ. ತಲೆ ಅಲ್ಲಾಡಿಸಿ ಮತ್ತೆ ಅದೇ ನಾಕು ಬೆರಳು! ಇವಳು ಪಕ್ಕದಾಗ ಕುಂತು ಕಲ್ತುಬಿಟ್ಳು. ಬಿಡಿಸಿದ್ರೂ ಬಿಡವಲ್ಲಳು.” ಆಶಾರಾಣಿ ನಗಲು ನೋಡಿದಳು, ನಗು ಬರಲಿಲ್ಲ. “ಅಂದಂಗೆ ಬೂಬಮ್ಮ, ನಮ್ಮೋರು ಸಣ್ಣ ಮದ್ದೇ ತಗೊಂಬಾ ಅಂದಾರೆ. ಬೀಗರು ಬರ್ತಾರೆ, ಸದ್ದು ಜೋರು ಬರ್ಬೇಕಂತೆ.”

“ಸದ್ದು ಬೇಕಾದ್ರೆ ಪಟಾಕಿ ಹಚ್ಚು ಅನ್ನು ನಿನ್ನ ಗಂಡಗೆ. ಈ ಕೂಸಿಗೆ ಖಡಕ್ ರೊಟ್ಟಿ ಚಟ್ನಿ ತಿನ್ನಿಸ್ತೀಯೇನು? ಒಂದೊಂದು ಹೊಟ್ಟೆಗೆ ಒಂದೊಂದು ಊಟ. ಗಸಗಸೆ ಮದ್ದು ಒಣಹುಲ್ಲಿದ್ದಂಗೆ, ಭಗ್ ಅಂತ ಒಂದೇ ಸಲಕ್ಕೆ ಉರೀತೈತೆ. ಮುಂದಿನ ಸೀಸದ ಚರೆ ಜರಗೋದ್ರೊಳಗೆ ನಳಿಗೆ ಬುಡಾನೇ ಗುದ್ದತೈತೆ. ನವಣೆ ಮದ್ದು ಬೆರಣಿ ಇದ್ದಂಗೆ. ಉರಕೋಂತ, ಚರೆ ಬೆನ್ನು ಹಿಡಕೊಂಡು ಬಾಯಿತನಕ ನೂಕತೈತೆ. ಅದಕ್ಕೂ ದಪ್ಪ ಆದ್ರೆ ಅರ್ಧ ಉರೀದೇ ಕಿಡಿಯಾಗಿ ಹೊರಗೆ ಬೀಳತೈತೆ. ನಿಮ್ಮದು ಹಳೇ ನಳಿಗೆ, ಉದ್ದಂದು. ನವಣೆನೇ ಸೈ.”

ಹಜೀರಾಬೀ ನವಣೆ ಮದ್ದನ್ನು ಜರಡಿ ಹಿಡಿದು ಡಬ್ಬಿಗೆ ತುಂಬಿದಳು. ಟಕ್, ಟಕ್. ಕೈ ಮಡಿಲಿಗಿಟ್ಟಳು.

ಮೂರನೆಯದು ಬರಲಿಲ್ಲ.

ಅಂಗೈಯಲ್ಲಿ ಉಜ್ಜಿ ನೋಡಿದಳು. ಕಾಳು ಒಡೆಯಲಿಲ್ಲ, ಕೈಗೆ ಕರಿ ಹತ್ತಲಿಲ್ಲ. ಮದ್ದು ಸರಿಯಾಗೇ ಇತ್ತು. ಮತ್ತೆ ತಟ್ಟಿದಳು. ಓಣಿಯಲ್ಲಿ ಯಾರದೋ ಸೈಕಲ್ ಗಂಟೆ, ಆಚೆ ಹೊಳೆಯಲ್ಲಿ ಬಟ್ಟೆ ಒಗೆಯುವ ಸದ್ದು. ಡಬ್ಬಿ ಮಾತ್ರ ಮೌನ. ಐದು ವರ್ಷದಲ್ಲಿ ಮೊದಲ ಸಲ ಅಂಗಡಿ ಅವಳಿಗೆ ನಿಜಕ್ಕೂ ಖಾಲಿ ಅನ್ನಿಸಿತು.

“ದಾರ ತಂದೀಯೇನವ್ವ?” ಎಂದಳು.

“ಮರ್ತೇಬಿಟ್ಟಿದ್ದೆ ನೋಡ್ರಿ. ಬೆಳಿಗ್ಗೆ ಅಟ್ಟದಿಂದ ಇಳಿಸಿದಾಗ ನಾನೇ ಅಳತೆ ಮಾಡೀನಿ.” ಆಶಾರಾಣಿ ಸೆರಗಿನ ಗಂಟಿನಿಂದ ಬಿಳಿ ದಾರ ತೆಗೆದಳು.

ಹಜೀರಾಬೀ ಹಾಲೇಶಪ್ಪನ ಮೊಳೆಯ ಹಳೇ ದಾರ ಇಳಿಸಿ, ಎರಡನ್ನೂ ತುದಿ ಕೂಡಿಸಿ ಎಳೆದಳು. ಹೊಸದು ಗಿಡ್ಡ ಬಿತ್ತು. ಎಷ್ಟು ಗಿಡ್ಡ ಅಂತ ಅವಳು ನೋಡುವ ಮೊದಲೇ ಅಂಕಿತಾ ಮುಂದೆ ಬಗ್ಗಿ, ಹಜೀರಾಬೀಯ ಬಲಗೈ ಹಿಡಿದು ಅಲ್ಲಿಗೆ ಎಳೆಯಿತು. ದಾರ ಮುಗಿದ ಜಾಗದಿಂದ ಮೊಳೆಯ ದಾರದ ತುದಿತನಕ, ಆ ಮುದುಕಿಯ ನಾಲ್ಕು ಬೆರಳು ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಕೂತವು.

“ತಾಯಿ,” ಅಂದಳು ಹಜೀರಾಬೀ ಮೆಲ್ಲಗೆ, “ಗಜ ಪೂರಾ ಇಳಿದಿಲ್ಲ, ಬಂದೂಕು ಖಾಲಿ ಇಲ್ಲ. ಹಂದಿಗೆ ಅಂತ ತುಂಬಿದ್ದು ತುಂಬಿದಂಗೇ ಐತೆ. ಮದ್ದು, ಚರೆ ಎಲ್ಲಾ ಕೂಡಿ ನಾಕು ಬೆರಳು. ಅದನ್ನೇ ಹೇಳ್ತಿದ್ರು ನಿಮ್ಮ ಮಾವ.”

ಆಶಾರಾಣಿ ಕೂಸನ್ನು ಎದೆಗೊತ್ತಿಕೊಂಡಳು. ಒಳಗಿರುವುದರ ಮೇಲೆ ನಾಳೆ ಇನ್ನೊಂದು ಈಡು, ಅದೂ ಗಸಗಸೆ. ಗಂಡ ಬಕ್ಕೇಶನ ಎಡಗೈ ನಳಿಗೆಯ ಬುಡದಲ್ಲಿ.

ಮರುದಿನ ಹಜೀರಾಬೀ ಡಬ್ಬಿ, ಮೊಳೆಯ ದಾರ ಹಿಡಿದು, ಗಜದ ತುದಿಗೆ ಹಾಕುವ ತಿರುಪನ್ನು ಸೆರಗಲ್ಲಿ ಕಟ್ಟಿಕೊಂಡು ಬಾತಿ ಹೊಲಕ್ಕೆ ತಾನೇ ಬಂದಳು.

“ಹತ್ತು ಹನ್ನೊಂದು ತಿಂಗಳಿಂದ ಅಟ್ಟದ ಮ್ಯಾಲಿತ್ತು ಬೂಬಮ್ಮ, ಏನೂ ಇರಂಗಿಲ್ಲ ಬಿಡ್ರಿ,” ಎಂದ ಬಕ್ಕೇಶ್, ಬೀಗರ ಮುಂದೆ ನಾಚಿಕೆಯಿಂದ.

“ಮನುಷ್ಯಾರು ಸುಳ್ಳು ಹೇಳ್ತಾರೆ ತಮ್ಮಾ, ಗಜ ಹೇಳಂಗಿಲ್ಲ. ನೀರು ತಾ.”

ನಳಿಗೆಗೆ ನೀರು ಹೊಯ್ದು ನೆನೆಯಲು ಬಿಟ್ಟು, ಆಮೇಲೆ ತಿರುಪು ಇಳಿಸಿ ಎಳೆದಳು. ತೆಂಗಿನ ನಾರಿನ ಬಿರಡೆ ಬಂತು. ಸೀಸದ ಚರೆ ಗಲಗಲ ಉದುರಿದವು. ಇನ್ನೊಂದು ಬಿರಡೆ. ಅದರ ಹಿಂದೆ ಕರಿ ರಾಡಿ, ರಾಡಿಯಲ್ಲಿ ಇನ್ನೂ ಕರಗದ ನವಣೆಯಂಥ ಕಾಳು. ಅವಳ ಜರಡಿಯದೇ. ಬಕ್ಕೇಶ್ ತನ್ನ ಎಡಗೈ ನೋಡಿಕೊಂಡ.

ಒರೆಸಿ, ಬಿಸಿಲಲ್ಲಿ ಒಣಗಿಸಿ, ಗಜ ಇಳಿಸಿ ದಾರದಿಂದ ಅಳೆದರು. ಮೊಳೆಯ ದಾರದಷ್ಟೇ ಉದ್ದ ಬಂತು.

ಹಜೀರಾಬೀ ಡಬ್ಬಿ ತೆಗೆದು ಅಂಚಿಗೆ ಎರಡು ಸಲ ತಟ್ಟಿ ಕೈ ಮಡಿಲಿಗಿಟ್ಟಳು. ಕಾದಳು. ಹೊಲದಲ್ಲಿ ಗಾಳಿಯಿರಲಿಲ್ಲ.

ಅಂಕಿತಾ ಎದೆಯ ಮೇಲಿನ ಬೆರಳುಗಳನ್ನು ತೆಗೆಯಿತು. ಹಜೀರಾಬೀಯ ಭುಜದ ಹಿಂದೆ, ಯಾರೂ ಇಲ್ಲದ ಕಡೆ ತಲೆಯೆತ್ತಿ ನೋಡಿ, “ಟಕ್” ಎಂದಿತು.

“ತುಂಬು ತಮ್ಮಾ,” ಎಂದಳು ಹಜೀರಾಬೀ, ಹಿಂದೆ ತಿರುಗಿ ನೋಡದೆ. “ಸೈ ಐತಂತೆ.”