ಅಕ್ಕನ ಹೆಸರಿನ ಕ್ಷುದ್ರಗ್ರಹ

ಅಕ್ಕನಿಗೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಗಿತ್ತು. ಮಾತು ಮರಳಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಅಂಕಿಗಳು ಮಾತ್ರ ಹೋದವು ಹೋದವೇ. ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದವಳು, ತನ್ನದೇ ಒಂದು ಪ್ರಮೇಯ ಸಾಧಿಸಿದವಳು. ಪೋರೂರಿನ ಆಸ್ಪತ್ರೆಯಲ್ಲಿ ತರಬೇತಿ ಕೊಡುವ ಹುಡುಗಿ ಮೇಜಿನ ಮೇಲೆ ಐದು ಹುಣಸೆಬೀಜ ಇಟ್ಟು ಎಷ್ಟೆಂದು ಕೇಳಿದರೆ, ಅಕ್ಕ ಒಂದೊಂದನ್ನೇ ಮುಟ್ಟಿ, "ಎಂಟು" ಎನ್ನುತ್ತಿದ್ದಳು. ಆಮೇಲೆ ನನ್ನ ಮುಖ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಅವಳ ಮೇಲ್‌ಗಳನ್ನು ಆಗ ನಾನೇ ಓದುತ್ತಿದ್ದೆ. ಒಂದು ಬೆಳಿಗ್ಗೆ ಹೊರದೇಶದ ವೀಕ್ಷಣಾಲಯದಲ್ಲಿರುವ ಅವಳ ಹಳೆಯ ಶಿಷ್ಯೆ ಬರೆದಿದ್ದಳು: ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಒಂದು ಕ್ಷುದ್ರಗ್ರಹಕ್ಕೆ ಮೇಡಮ್ ಹೆಸರಿಟ್ಟಿದ್ದಾರೆ. ಕಾಯಿಲೆಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದೆ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಅಪ್ಪಡಿಯಾ? ಹೌದಾ? ಅದಕ್ಕೊಂದು ನಂಬರ್ ಇರತ್ತಲ್ಲ, ಏನಂತೆ?"

ಆರಂಕಿಯ ಸಂಖ್ಯೆ. ಒಂದೊಂದಾಗಿ ಹೇಳಿದೆ. ಅವಳು ಕಾಗದ ಪೆನ್ನು ತರಿಸಿಕೊಂಡು ಮೊದಲ ಎರಡು ಅಂಕಿ ಬರೆದಳು. ಮೂರನೆಯದಕ್ಕೆ ಪೆನ್ನು ನಿಂತಿತು. "ಇನ್ನೊಂದ್ಸಲ ಹೇಳೇ." ಹೇಳಿದೆ. ಮತ್ತೆ ಹೇಳಿದೆ. ಕಾಗದದ ಮೇಲೆ ಬರೀ ಸೊನ್ನೆಗಳು ಬಂದವು. ಅಕ್ಕ ಪೆನ್ನಿನ ಮುಚ್ಚಳ ಹಾಕಿಟ್ಟಳು.

"ಬೇರೆ ಯಾರ್ದಾದ್ರೂ ಹೆಸರಿಡಲಿ ಅಂತ ಬರೆದ್ಬಿಡು."

"ಯಾಕಕ್ಕ? ಆ ಪ್ರಮೇಯದ ಕೆಲಸ ಮಾಡಿದ್ದು ನೀನೇ ಅಲ್ವಾ?"

"ಮಾಡಿದವಳು ಈಗೆಲ್ಲಿದ್ದಾಳೆ? ವೇಂಡಾಂ ಕಣೇ, ಬೇಡ."

ಅವಳು ಅಳಲಿಲ್ಲ. ಅತ್ತಿದ್ದರೆ ಹೇಗೋ ಸಮಾಧಾನ ಮಾಡುತ್ತಿದ್ದೆ.

ನಾನು ಅವಳು ಹೇಳಿದಂತೆ ಬರೆಯಲಿಲ್ಲ. ಅಕ್ಕನಿಗೆ ತುಂಬಾ ಸಂತೋಷವಾಗಿದೆ ಎಂದು ಸುಳ್ಳು ಬರೆದೆ. ಎರಡು ದಿನಕ್ಕೆ ಶಿಷ್ಯೆ ಫೋನ್ ಮಾಡಿ, ಮೇಡಮ್ ಜೊತೆ ಒಂದೇ ನಿಮಿಷ ಮಾತಾಡಬೇಕು ಎಂದಳು. ಅಕ್ಕ ಎದುರಿನ ಕುರ್ಚಿಯಲ್ಲೇ ಕೂತಿದ್ದಳು, ನನ್ನನ್ನೇ ನೋಡುತ್ತಾ. ಮಲಗಿದ್ದಾಳೆ ಎಂದೆ.

"ಒಳ್ಳೇದ್ ಮಾಡ್ದೆ" ಎಂದಳು ಅಕ್ಕ, ಫೋನಿಟ್ಟ ಮೇಲೆ.

ಮರುವಾರ ಪೋರೂರಿಗೆ ಹೋಗಲು ಆಟೋ ಬಂದು ನಿಂತಾಗ ಅವಳು ಸೀರೆ ಬದಲಾಯಿಸಿರಲಿಲ್ಲ. ಬರುವುದಿಲ್ಲ ಎಂದಳು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತೇನೋ. ಆದರೆ ಆ ಮೇಜಿನ ಮುಂದೆ ಅವಳು ಇನ್ನೊಮ್ಮೆ ತಪ್ಪು ಹೇಳುವುದನ್ನು ಕೇಳುವ ಶಕ್ತಿ ನನಗೂ ಉಳಿದಿರಲಿಲ್ಲ. ಕೆಳಗಿಳಿದು ಹೋಗಿ ಆಟೋ ಕಳಿಸಿಬಿಟ್ಟೆ.